ಲೆಕ್ಕಕ್ಕಿಲ್ಲದ ಎಂಟು ಮಣಿ

ಕೋಟಿ ಎಂದರೆ ಎಷ್ಟು ಎಂದು ಸತ್ಯಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮಾತು ಆಡುತ್ತಿದ್ದಳೋ ಇಲ್ಲವೋ, ಶಿವನೇ ಬಲ್ಲ. ರೋಣದ ಕಡೆಯ ಹಳ್ಳಿಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಕೇಳಿದ್ದ ಸಂಖ್ಯೆಗಳಲ್ಲೆಲ್ಲ ದೊಡ್ಡದು ಕೋಟಿ. ಅದರಾಚೆ ಇನ್ನೇನಾದರೂ ಇದ್ದರೆ ಅದು ದೇವರ ಬಾಬತ್ತು.

ಹನ್ನೊಂದು ವರ್ಷದ ಹಿಂದೆ ಗಂಡ ಮುದ್ದಪ್ಪನ ಹೆಣವನ್ನು ಪಡಸಾಲೆಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತಿದ್ದಾಗ, ಅವಳ ತಂಗಿ ಜಗದಾಂಬ ಊರ ಹೆಂಗಸರೆಲ್ಲರ ಎದುರಿಗೆ ಒಂದು ಮಾತು ಅಂದುಬಿಟ್ಟಳು: "ಇರೂ ತನಕ ಭಾವಗ ಒಂದಿನ ನಕ್ಕೋಂತ ರೊಟ್ಟಿ ಹಾಕ್ಲಿಲ್ಲ. ಈಗ್ಯಾಕ ಎದಿ ಬಡಕೊಂತೀಯಕ್ಕಾ?" ಮಾತು ಸುಳ್ಳಾಗಿದ್ದರೆ ಸತ್ಯಮ್ಮ ನಾಲ್ಕು ಬೈದು ಸುಮ್ಮನಾಗುತ್ತಿದ್ದಳು. ನಿಜವಾಗಿತ್ತು, ಅದಕ್ಕೇ ಉರಿಯಿತು. ಕೊರಳಲ್ಲಿದ್ದ ಲಿಂಗವನ್ನು ಅಂಗೈಗೆ ತೆಗೆದುಕೊಂಡು, "ಕೋಟಿ ಶಿವನಾಮ ಮುಗಿಯೂ ತನಕ ನಿನ್ನ ಮಾರಿ ನೋಡಾಂಗಿಲ್ಲ, ನಿನ್ನ ಕೂಡ ಮಾತಾಡಾಂಗಿಲ್ಲ" ಎಂದು ಆಣೆ ಮಾಡಿದಳು. ಎಂದೆಂದಿಗೂ ಇಲ್ಲ ಅನ್ನುವುದಕ್ಕೆ ಅವಳಿಗೆ ಸಿಕ್ಕ ಲೆಕ್ಕ ಅದು.

ಆಮೇಲೆ ಕಾಶಿಗೆ ಬಂದಳು. ಸೋನಾರ್‌ಪುರದ ಗದ್ದಲದ ರಸ್ತೆಯ ಹಿಂದೆ, ಘಾಟಿನ ಕಡೆಗೆ ಇಳಿಯುವ ಗಲ್ಲಿಯಲ್ಲಿ ಕನ್ನಡದವರ ಮಠವೊಂದಿದೆ. ಮೇಲಿನ ಅಂತಸ್ತಿನಲ್ಲಿ ಊರು ಬಿಟ್ಟು ಬಂದ ಮುದುಕಿಯರಿಗೆ ಒಂದೊಂದು ಕೋಣೆ. ಅಲ್ಲಿಯ ಅರ್ಚಕರು ಮರುಳಸಿದ್ದಯ್ಯನವರು. ಮೂವತ್ತು ವರ್ಷದಿಂದ ಕಾಶಿಯಲ್ಲಿದ್ದರೂ ಪಾನ್ ಹಾಕದ, ಹಿಂದಿಯಲ್ಲಿ ಲಿಂಗ ವಚನ ಕೆಡಿಸದೆ ಒಂದು ವಾಕ್ಯವನ್ನೂ ಮುಗಿಸದ ಮನುಷ್ಯ. ಒಳ್ಳೆಯವರು. ಒಂದೇ ಕೆಟ್ಟ ಚಾಳಿ ಎಂದರೆ, ಯಾರು ಏನು ಕೇಳಿದರೂ ಗೊತ್ತಿಲ್ಲ ಅನ್ನುತ್ತಿರಲಿಲ್ಲ. ಕೇಳಿದ ಮರುಗಳಿಗೆಗೆ ಶಾಸ್ತ್ರ ತಯಾರು!

ಬಂದ ಮೊದಲ ದಿನವೇ ಸತ್ಯಮ್ಮ ರುದ್ರಾಕ್ಷಿ ಸರ ಹಿಡಿದು ಅವರೆದುರು ನಿಂತಿದ್ದಳು.

"ಅಯ್ನೋರ, ಇದರಾಗ ನೂರಾ ಎಂಟು ಮಣಿ ಅದಾವಂತ. ಒಂದ್ ಸರ ಆದ್ರ ಎಷ್ಟಂತ ಹಿಡೀಲಿ?"

"ನೂರು ಹಿಡೀರಿ ತಾಯಿ. ಉಳಿದ ಎಂಟು ತಪ್ಪಿನ ಪಾಲು. ನಾಲಿಗಿ ತೊದಲಿರ್ತೈತಿ, ಮನಸ್ಸು ಎಲ್ಲೋ ಅಡ್ಡಾಡಾಕ ಹೋಗಿರ್ತೈತಿ. ನಿಮ್ಮ ತಪ್ಪು ಏನಿದ್ರೂ ಆ ಎಂಟು ಮಣಿಯಾಗ ಹಾಕ್ಬಿಡ್ರಿ. ಲೆಕ್ಕಕ್ಕ ತಗೋಬ್ಯಾಡ್ರಿ."

ಇದೇನು ಅವರು ಕಟ್ಟಿದ ಮಾತಲ್ಲ. ಅವರ ಗುರುಗಳು ಹೇಳಿದ್ದು, ಗುರುಗಳಿಗೆ ಅವರ ಗುರುಗಳು ಹೇಳಿದ್ದು. ಜಪ ಮಾಡುವವರೆಲ್ಲ ಹೀಗೇ ಎಣಿಸುತ್ತಾರೆ. ದಿನಕ್ಕೆ ಇಪ್ಪತ್ತೈದು ಸರ ಎಂದು ನೇಮವಾಯಿತು. ಒಂದು ಸರ ಮುಗಿದರೆ ಎಡಗಡೆಯ ಬಟ್ಟಲಿನಿಂದ ಒಂದು ಕಡಲೆಕಾಳು ಬಲಗಡೆಯ ಬಟ್ಟಲಿಗೆ. ಸಂಜೆ ಬಟ್ಟಲು ತಂದು ತೋರಿಸಿದರೆ ಮರುಳಸಿದ್ದಯ್ಯನವರು ಎಣಿಸಿ, ಜಪದ ಪುಸ್ತಕದಲ್ಲಿ ತಿಥಿ ಹಾಕಿ 'ಸರ ೨೫, ನಾಮ ೨೫೦೦' ಎಂದು ಬರೆಯುವರು. ಹೀಗೆ ನಾಲ್ಕು ಸಾವಿರ ದಿನ. ಚಳಿಜ್ವರ ಬಂದರೂ, ಗಂಗೆ ಉಕ್ಕಿ ಗಲ್ಲಿಗೆ ನೀರು ನುಗ್ಗಿದರೂ ಸತ್ಯಮ್ಮ ಒಂದು ದಿನವೂ ತಪ್ಪಿಸಲಿಲ್ಲ.

ಮುಗಿಯುವುದಕ್ಕೆ ಐದು ತಿಂಗಳಿದೆ ಎನ್ನುವಾಗ, ಕಳೆದ ಭಾದ್ರಪದದಲ್ಲಿ ಒಂದು ಫೋನು ಬಂತು. ಜಗದಾಂಬಳ ಮಗ ತೋಂಟೇಶ ಆಸ್ಪತ್ರೆಯಿಂದ ಮಾಡಿದ್ದ. "ದೊಡ್ಡವ್ವಾ, ಅವ್ವಗ ಇನ್ನ ಬಾಳ ಹೊತ್ತಿಲ್ಲಂತ. ಒಂದ ಮಾತು ಆಡು. ಫೋನು ಅಕಿ ಕಿವಿಗೆ ಹಿಡದೀನಿ." ಸತ್ಯಮ್ಮ ಮಠದ ಆಫೀಸಿನಲ್ಲಿ ಫೋನು ಹಿಡಿದು ನಿಂತಿದ್ದಳು. ಆ ಕಡೆಯಿಂದ ಕ್ಷೀಣವಾಗಿ "ಅಕ್ಕಾ" ಎಂದದ್ದು ಮೇಜಿನಾಚೆ ಕೂತಿದ್ದ ಮರುಳಸಿದ್ದಯ್ಯನವರಿಗೂ ಕೇಳಿಸಿತು. ಸತ್ಯಮ್ಮ ಅವರ ಮುಖ ನೋಡಿದಳು. ಅವರು ಬೇಡ ಎಂದು ತಲೆ ಅಲ್ಲಾಡಿಸಿದರು. ಲಿಂಗ ಮುಟ್ಟಿ ಮಾಡಿದ ಆಣೆ, ಇನ್ನೂ ಮೂರು ಲಕ್ಷಕ್ಕಿಂತ ಹೆಚ್ಚು ನಾಮ ಬಾಕಿ. ಸತ್ಯಮ್ಮ ಫೋನನ್ನು ಮೇಜಿನ ಮೇಲಿಟ್ಟು ಮೇಲೆ ಹೋದಳು. ಮಾರನೆಯ ದಿನ ಜಗದಾಂಬ ತೀರಿಕೊಂಡಳು. ಮೂರು ದಿನ ಬಿಟ್ಟು ಮರುಳಸಿದ್ದಯ್ಯನವರು, "ಆಣಿ ಉಳೀತು ತಾಯಿ, ಅದು ದೊಡ್ಡದು" ಎಂದು ಸಮಾಧಾನ ಹೇಳಿದರು. ಅವಳು ಹೂಂ ಎಂದಳು, ಅಷ್ಟೇ.

ಈಗ ಮಾಘ ಮಾಸ. ನಾಳೆ ಬೆಳಿಗ್ಗೆ ಕಡೆಯ ಇಪ್ಪತ್ತೈದು ಸರ ಮುಗಿದರೆ ಕೋಟಿ ತುಂಬಿತು. ಸಮರ್ಪಣೆಗೆ ಮಠ ಸಜ್ಜಾಗುತ್ತಿತ್ತು. ಅಡಿಗೆಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯುತ್ತಿತ್ತು. ಮರುಳಸಿದ್ದಯ್ಯನವರಿಗೆ ತಮ್ಮ ಮನೆಯದೇ ಮದುವೆಯಷ್ಟು ಸಂಭ್ರಮ. ಅಂಗಳದ ನಡುವೆ ದೊಡ್ಡದಾಗಿ ಕೋಟಿಯ ಅಂಕಿ ಬರೆದು ಚೆಂಡುಹೂ ತುಂಬಬೇಕೆಂದು ಮಗಳಿಗೆ ಹೇಳಿದ್ದರು.

ಮಗಳು ಶೀತಲ್ ಕಾಶಿಯಲ್ಲೇ ಹುಟ್ಟಿದವಳು. ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಅಸ್ಸಿ ಘಾಟಿನ ಚಹಾ ಅಂಗಡಿಯಲ್ಲಿ ಗೆಳತಿಯರ ಜೊತೆ ಹಿಂದಿ, ಮನೆಯಲ್ಲಿ ಅಪ್ಪನಿಗಾಗಿ ಅರೆಬರೆ ಕನ್ನಡ. ಸೀಮೆಸುಣ್ಣ ಹಿಡಿದು ಒಂದರ ಮುಂದೆ ಏಳು ಸೊನ್ನೆ ಬರೆದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಪಕ್ಕದಲ್ಲಿ ಏನೇನೋ ಗೀಚತೊಡಗಿದಳು.

"ಅಪ್ಪಾ, ಈ ಕೋಟಿ ನೋಡೋಕೆ ದೊಡ್ಡ ಸಾಹುಕಾರ, ಒಳಗೆ ಬಡವ!"

"ಏನ ಹಂಗಂದ್ರ?"

"ಒಡೆದು ನೋಡು. ಏಳು ಸಲ ಎರಡು, ಏಳು ಸಲ ಐದು, ಎಲ್ಲ ಗುಣಿಸಿದ್ರೆ ಕೋಟಿ. ಬಸ್, ಔರ್ ಕುಛ್ ನಹೀ. ಬೇರೆ ಯಾವ ಮೂಲ ಅಂಕಿನೂ ಇದರೊಳಗಿಲ್ಲ. ನಿನ್ನ ನೂರಾ ಎಂಟರೊಳಗೆ ಮೂರು ಕೂತಿದೆ, ಅದೂ ಮೂರು ಸಲ. ಕೋಟಿಯೊಳಗೆ ಮೂರು ಒಂದು ಸಲಾನೂ ಇಲ್ಲ. ಹಾಗಾದ್ರೆ ನೂರಾ ಎಂಟು ಮಣಿ ಸರದಲ್ಲಿ ಕೋಟಿ ಎಣಿಸಿದ್ರೆ ಅದು ಸರದ ಕೊನೆಗೆ ಬಂದು ನಿಲ್ಲೋದೇ ಇಲ್ಲ."

"ನಿಲ್ಲದ ಏನಾದೀತ? ಏಳು ಸೊನ್ನಿ ಅದಾವ!"

"ಎಪ್ಪತ್ತು ಸೊನ್ನೆ ಹಾಕು. ಗಂಗೆ ಮರಳಿನಷ್ಟು ಹಾಕು. ಅಂಕಿ ಕೂಡಿಸಿದ್ರೆ ಬರೋದು ಒಂದೇ. ಮೂರರಿಂದ ಭಾಗ ಮಾಡಿದ್ರೆ ಒಂದು ಉಳಿದೇ ಉಳಿಯುತ್ತೆ."

ಮರುಳಸಿದ್ದಯ್ಯನವರು ಹೂಬುಟ್ಟಿ ಕೆಳಗಿಟ್ಟರು. ಮೂವತ್ತು ವರ್ಷದಲ್ಲಿ ಆರು ಕೋಟಿ ಜಪ ಮಾಡಿಸಿದ್ದರು. ಆರೂ ಸಲ ಕಡೆಯ ಸರದ ಕಡೆಯ ಮಣಿಗೆ ಸರಿಯಾಗಿ ಶಂಖ ಊದಿಸಿದ್ದರು. ಅಯ್ಯೋ ಶಿವನೆ, ಒಂದೂ ಸರಿಯಾದ ಮಣಿಗೆ ಊದಿಲ್ಲವೆ ಎಂದು ಅವರಿಗೆ ಗಾಬರಿಯಾಯಿತು. ಆಮೇಲೆ ನೆನಪಾಗಿ ನಕ್ಕುಬಿಟ್ಟರು.

"ಹುಚ್ಚಿ, ನಾವು ಸರಕ್ಕ ನೂರ ಹಿಡೀತೀವಿ. ಎಂಟು ಲೆಕ್ಕಕ್ಕಿಲ್ಲ. ಒಂದು ಲಕ್ಷ ಸರ ಆತಂದ್ರ ಕೋಟಿ. ಎಲ್ಲಾ ಬರೋಬ್ಬರಿ!"

"ಅಂದ್ರೆ ಸತ್ಯಮ್ಮಜ್ಜಿ ಬಾಯಲ್ಲಿ ಹೇಳಿದ್ದು ಒಂದು ಕೋಟಿ ಎಂಟು ಲಕ್ಷ!" ಶೀತಲ್ ಕಣ್ಣರಳಿಸಿದಳು. ಮತ್ತೆ ಗೀಚಿದಳು. "ತೊಂಬತ್ತೆರಡು ಸಾವಿರದ ಐನೂರ ತೊಂಬತ್ತೆರಡು ಸರ ಪೂರ್ತಿ, ಮುಂದಿನ ಸರದಲ್ಲಿ ಅರವತ್ತನಾಲ್ಕು ಮಣಿ. ಆ ಅರವತ್ತನಾಲ್ಕನೇ ಮಣಿಗೆ ಕೋಟಿ ಮುಗೀತು. ಅರೆ ವಾಹ್! ಕೋಟಿಯನ್ನ ಶೇಷವಿಲ್ಲದೆ ಭಾಗಿಸೋ ಸಂಖ್ಯೆಗಳೂ ಅರವತ್ತನಾಲ್ಕೇ! ಅಪ್ಪಾ, ಅಜ್ಜಿ ಯಾವತ್ತೋ ಗೆದ್ದಾಗಿದೆ. ನೀವೇ ಸುಮ್ಮನೆ ಓಡಿಸ್ತಿದ್ದೀರಿ."

"ಯಾವತ್ತಂತ?"

"ಮೂರು ಸಾವಿರದ ಏಳುನೂರ ನಾಲ್ಕನೇ ದಿನ."

ಮಗಳ ಜಾಣತನಕ್ಕೆ ಹಿಗ್ಗಿ, ತಮ್ಮ ಪುಸ್ತಕದ ಶಿಸ್ತನ್ನೂ ಅವಳಿಗೆ ತೋರಿಸೋಣವೆಂದು ಮರುಳಸಿದ್ದಯ್ಯನವರೇ ಒಳಗೆ ಹೋಗಿ ಜಪದ ಪುಸ್ತಕ ತಂದರು. ದಿನದ ಸಂಖ್ಯೆ, ತಿಥಿ, ಎಲ್ಲವೂ ಅವರದೇ ದುಂಡು ಅಕ್ಷರದಲ್ಲಿ. ಮೂರು ಸಾವಿರದ ಏಳುನೂರ ನಾಲ್ಕು. ಬೆರಳಿಟ್ಟು ಓದಿದರು: ಚೈತ್ರ.

"ಚೈತ್ರದಾಗ ಮುಗದಿತ್ತು ನೋಡು!" ಎಂದು ನಗುತ್ತಲೇ ತಲೆಯೆತ್ತಿದರು. ಶೀತಲ್ ನಗುತ್ತಿರಲಿಲ್ಲ. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಹಾಳೆ ತಿರುವಿದಳು. ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ. ಒಂದು ಹಾಳೆಯ ಬದಿಯಲ್ಲಿ ಸಣ್ಣದಾಗಿ ಅವರೇ ಬರೆದ ಟಿಪ್ಪಣಿ ಇತ್ತು: 'ಇಂದು ತಂಗಿಯ ಫೋನು. ಮಾತಾಡದೆ ವ್ರತ ಕಾಯ್ದರು.'

"ಅಪ್ಪಾ," ಅಂದಳು ಮೆಲ್ಲಗೆ, "ಫೋನ್ ತೋ ಬಾದ್ ಮೇ ಆಯಾ ಥಾ." ಫೋನು ಬಂದದ್ದು ಆಮೇಲೆ.

ಮರುಳಸಿದ್ದಯ್ಯನವರು ಕಂಬ ಹಿಡಿದು ಕೂತರು. ಕೋಟಿ ಮುಗಿದು ಐದು ತಿಂಗಳಾದ ಮೇಲೆ ಆ ಫೋನು ಬಂದಿತ್ತು! ಆಣೆ ತೀರಿತ್ತು. ಮಾತಾಡಬಹುದಿತ್ತು. ಚೈತ್ರದಲ್ಲೇ ರೈಲು ಹತ್ತಿ ಹೋಗಿ ತಂಗಿಯ ಮಗ್ಗುಲಲ್ಲಿ ಕೂತು ಐದು ತಿಂಗಳು ಜಗಳವಾಡಬಹುದಿತ್ತು, ಅಳಬಹುದಿತ್ತು, ರೊಟ್ಟಿ ತಿನ್ನಬಹುದಿತ್ತು. ಎಂಟು ಮಣಿ ಲೆಕ್ಕಕ್ಕಿಲ್ಲ ಎಂದವರು ಯಾರು? ಫೋನು ಹಿಡಿದು ಮುಖ ನೋಡಿದರೆ ಬೇಡ ಎಂದು ತಲೆ ಅಲ್ಲಾಡಿಸಿದವರು ಯಾರು?

"ಅಜ್ಜಿಗೆ ಹೇಳ್ತೀಯಾ?" ಶೀತಲ್ ಕೇಳಿದಳು.

"ಹೂವಿನ ಮಾಲಿ ತರಬೇಕು," ಎಂದು ಎದ್ದು ಮರುಳಸಿದ್ದಯ್ಯನವರು ಹೊರಗೆ ಹೊರಟೇಬಿಟ್ಟರು. ಹೊರಡುವಾಗ ಮೆಟ್ಟು ಹಾಕಿಕೊಳ್ಳಲು ಮರೆತಿದ್ದರು.

ಸೋನಾರ್‌ಪುರದ ರಸ್ತೆಯಲ್ಲಿ ಟೋಟೋ ರಿಕ್ಷಾಗಳು ಒಂದರ ಬಾಲಕ್ಕೆ ಒಂದು ಮುಖ ಹಚ್ಚಿ ನಿಂತಿದ್ದವು. ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಯಾತ್ರಿಕರನ್ನು ತುಂಬಿಕೊಂಡು ಬಂದ ಆಟೋದವರು ಹಾರನ್ನಿನ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಮರುಳಸಿದ್ದಯ್ಯನವರಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಹೇಳದಿದ್ದರೆ ಏನಾಯಿತು? ಗೊತ್ತಿರುವುದು ಇಬ್ಬರಿಗೇ. ಮಗಳನ್ನು ಗದರಿಸಿ ಬಾಯಿ ಮುಚ್ಚಿಸಬಹುದು. ನಾಳೆ ಶಂಖ ಊದಿದರೆ ಮುಗಿಯಿತು, ಎಪ್ಪತ್ತೈದರ ಮುದುಕಿ ಸಮಾಧಾನದಿಂದ ಕಣ್ಣು ಮುಚ್ಚುತ್ತಾಳೆ. ಅಲ್ಲದೆ ಎಂಟು ಬಿಡುವುದು ಸಂಪ್ರದಾಯ, ಅವರ ಸ್ವಂತದ್ದಲ್ಲ. ಹೀಗೆ ಹತ್ತು ಹೆಜ್ಜೆ ಹೋದರೆ ಸಮಾಧಾನ. ಹನ್ನೊಂದನೆಯ ಹೆಜ್ಜೆಗೆ ಮತ್ತೆ ಆ "ಅಕ್ಕಾ" ಕಿವಿಯಲ್ಲಿ. ಸಂಪ್ರದಾಯ ಎಂಟು ಮಣಿ ಬಿಡು ಎಂದಿತ್ತು, ಸಾಯುವವಳ ಜೊತೆ ಮಾತು ಬಿಡು ಎಂದಿತ್ತೇ? ಆ ತಲೆ ಅಲ್ಲಾಡಿಸಿದ್ದು ಮಾತ್ರ ಅಪ್ಪಟ ಅವರದೇ.

"ಕೇತನಾ ಚಾಹೀ, ಬಾಬಾ?" ಹೂವಿನವಳು ಎಷ್ಟು ಬೇಕೆಂದು ಮೂರನೆಯ ಸಲ ಕೇಳಿದಳು.

"ಎಂಟು," ಎಂದುಬಿಟ್ಟರು ಕನ್ನಡದಲ್ಲಿ. ಅವಳಿಗೆ ಅರ್ಥವಾಗಲಿಲ್ಲ. ಮಾಲೆ ತೆಗೆದುಕೊಳ್ಳದೆಯೇ ಹಿಂದಿರುಗಿದರು. ಮಾಡಿದ್ದುಣ್ಣೋ ಮಹರಾಯ ಎಂದು ಊರವರಿಗೆಲ್ಲ ಹೇಳಿಕೊಂಡು ಬಂದ ಬಾಯಿ ಅದು. ಇವತ್ತು ಅದೇ ಉಣ್ಣಬೇಕಾಗಿತ್ತು.

ಸಂಜೆಯ ಬಿಸಿಲು ಇನ್ನೂ ಇತ್ತು. ಸತ್ಯಮ್ಮ ಕೋಣೆಯ ಬಾಗಿಲಲ್ಲಿ ಕೂತು ನಾಳೆಗೆಂದು ಇಪ್ಪತ್ತೈದು ಕಡಲೆಕಾಳು ಆರಿಸುತ್ತಿದ್ದಳು.

"ಬರ್ರಿ ಅಯ್ನೋರ. ಬಟ್ಲಾ ನಾನ ತರಾಕ್ಹತ್ತಿದ್ನೆಲ್ಲ, ಮ್ಯಾಲ ಯಾಕ ಹತ್ತಿದ್ರಿ? ಮಾರಿ ಯಾಕ ಹಂಗ ಬಿಳಿಚೈತಿ?"

ಮರುಳಸಿದ್ದಯ್ಯನವರು ಕುರ್ಚಿ ಬೇಡವೆಂದು ನೆಲದ ಮೇಲೇ ಕೂತರು. ಸುತ್ತು ಬಳಸುವ ಶಕ್ತಿ ಇರಲಿಲ್ಲ. ಒಂದೇ ಉಸಿರಿಗೆ ಹೇಳಿದರು. ನೂರಾ ಎಂಟೂ ಹಿಡಿದಿದ್ದರೆ ಕೋಟಿ ಚೈತ್ರದಲ್ಲೇ ಆಗಿತ್ತು, ಮಗಳು ಲೆಕ್ಕ ಮಾಡಿ ತೋರಿಸಿದಳು, ಫೋನು ಬಂದಾಗ ಆಣೆ ತೀರಿ ಐದು ತಿಂಗಳಾಗಿತ್ತು, ಬೇಡ ಎಂದದ್ದು ತಾವು.

"ನಾನ ನಿಮಗ ಅನ್ಯಾಯ ಮಾಡಿದೆ ತಾಯಿ. ಎಂಟು ಮಣಿ ಬಿಡ್ಸಿ ನಿಮ್ಮ ತಂಗಿನ್ನ ಬಿಡಿಸ್ಬಿಟ್ಟೆ. ನೀವು ಬೈರಿ, ಉಗುಳ್ರಿ, ಏನ ಮಾಡಿದ್ರೂ ಕಡಿಮಿ." ಅಳು ತಡೆಯಲಾಗಲಿಲ್ಲ. ಅರವತ್ತೆರಡರ ಗಂಡಸು, ಹಣೆ ತುಂಬ ವಿಭೂತಿ, ಹಸುಗೂಸಿನ ಹಾಗೆ ಅತ್ತರು.

ಸತ್ಯಮ್ಮ ಬಟ್ಟಲು ಕೆಳಗಿಟ್ಟಳು. ಎದೆ ಬಡಿದುಕೊಂಡಾಳು, ಕಿರುಚಿಯಾಳು ಎಂದು ಮರುಳಸಿದ್ದಯ್ಯನವರು ಕಾದರು. ಅವಳು ಅವರನ್ನೇ ನೋಡುತ್ತಿದ್ದಳು, ಏನೋ ಅರ್ಥವಾಗದವಳ ಹಾಗೆ.

"ಅಯ್ನೋರ, ಆ ಎಂಟು ಮಣಿಗೆ ನಾ ಶಿವನಾಮ ಅಂದೀನಿ ಅಂತ ನಿಮಗ ಯಾರ ಹೇಳಿದ್ರು?"

"ಮತ್ತ... ಏನ ಅಂದ್ರಿ?"

"ನೀವ ಹೇಳಿದ್ರೆಲ್ಲ, ನಿನ್ನ ತಪ್ಪು ಏನಿದ್ರೂ ಆ ಎಂಟರಾಗ ಹಾಕು ಅಂತ. ನಂದು ಇದ್ದದ್ದ ಒಂದ ತಪ್ಪು. ನೂರು ಮಣಿಗೆ ಶಿವನ್ನ ಕರದೆ. ಎಂಟು ಮಣಿಗೆ ಜಗ್ಗಿನ್ನ ಕರದೆ. ಸಣ್ಣಾಕಿದ್ದಾಗ ನಾ ಅಕಿನ್ನ ಹಂಗ ಕರೀತಿದ್ದೆ, ಜಗ್ಗೀ ಅಂತ. ಜಗ್ಗೀ, ಜಗ್ಗೀ, ಜಗ್ಗೀ, ಎಂಟು ಸಲ. ಮೊದಲನೇ ದಿನದಿಂದ ಹಂಗ. ತಪ್ಪಾತೇನ್ರಿ?"

ಮರುಳಸಿದ್ದಯ್ಯನವರಿಗೆ ಮೊದಲು ಹೊಳೆದದ್ದು, ಹಾಗಾದರೆ ಮಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ ಎಂಬುದು. ಕೋಟಿ ನಾಳೆಯೇ ಮುಗಿಯುವುದು. ಚೈತ್ರದಲ್ಲಿ ಮುಗಿದಿರಲಿಲ್ಲ. ಫೋನು ಬಂದಾಗ ಆಣೆ ಇನ್ನೂ ಇತ್ತು. ಎದೆಯ ಮೇಲಿನ ಚಪ್ಪಡಿ ಸರಿದು ಉಸಿರು ಬಂತು. ಇಂಥ ಹೊತ್ತಿನಲ್ಲಿ ಹಗುರಾದೆನಲ್ಲ ಎಂದು ಮರುಕ್ಷಣವೇ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

"ಅಯ್ನೋರ, ನಿಮ್ಮ ಮಗಳು ಶ್ಯಾಣ್ಯಾಕಿ. ನನಗ ಲೆಕ್ಕ ಬರಂಗಿಲ್ಲ. ಒಂದ್ ಲಕ್ಷ ಸರಕ್ಕ ಎಂಟೆಂಟು ಅಂದ್ರ ಒಟ್ಟ ಎಷ್ಟಾತು?"

ಹೇಳಬಾರದಿತ್ತು. ಕೇಳಿದರೆ ಹೇಳಿಯೇ ಬಿಡುವ ಬಾಯಿ, ಹೇಳಿತು. "ಎಂಟು ಲಕ್ಷ."

"ಎಂಟು ಲಕ್ಷ," ಎಂದಳು ಸತ್ಯಮ್ಮ. ಇನ್ನೊಂದು ಸಲ ಎಂದಳು. ಕೋಟಿಯ ಆಣೆ ಮಾಡಿದ ಹೆಂಗಸು, ಅದರ ಹನ್ನೆರಡರಲ್ಲಿ ಒಂದು ಪಾಲೂ ಇಲ್ಲದ ಈ ಸಂಖ್ಯೆಗೆ ಬೆಚ್ಚಿಬಿದ್ದಳು. ಕೈ ಸೀರೆಯ ಸೆರಗು ಹುಡುಕಿತು. "ಯವ್ವಾ, ಎಂಟು ಲಕ್ಷ ಸಲ! ಇಲ್ಲೆ ಈ ಗ್ವಾಡಿಗೆ ಮಾರಿ ಮಾಡಿ ಕುಂತು ಎಂಟು ಲಕ್ಷ ಸಲ ಕರದೇನಿ? ಒಂದ ಒಂದು ಸಲ ಅಕಿ ಕಿವಿಗೆ ಬೀಳೂ ಹಂಗ ಕರೀಲಿಲ್ಲಲ್ರೀ!"

"ಆಣಿ ಇತ್ತಲ್ಲ ತಾಯಿ," ಎಂದರು ಮರುಳಸಿದ್ದಯ್ಯನವರು. ತಮ್ಮ ದನಿ ತಮಗೇ ಪೊಳ್ಳಾಗಿ ಕೇಳಿಸಿತು.

"ಅವತ್ತ ಫೋನ್ನ್ಯಾಗ ಅಕ್ಕಾ ಅಂದ್ಲು. ನೀವು ತಲಿ ಅಲ್ಲಾಡ್ಸಿದ್ರಿ, ನಾ ಫೋನ್ ಇಟ್ಟು ಮ್ಯಾಲ ಬಂದೆ. ಬಂದು ಇಲ್ಲೇ ಕುಂತು ಇಪ್ಪತ್ತೈದು ಸರ ಮುಗಿಸಿದೆ. ಇಪ್ಪತ್ತೈದಕ್ಕ ಎಂಟೆಂಟು ಅಂದ್ರ ಎಷ್ಟ್ರಿ?"

ಈ ಸಲ ಅವರು ಹೇಳಲಿಲ್ಲ. ಅವಳೇ ಕಡಲೆಕಾಳುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತ, ಪ್ರತಿ ಕಾಳಿಗೂ ಎಂಟು ಕೂಡಿಸುತ್ತ ಹೋದಳು. ಎಂಟು, ಹದಿನಾರು, ಇಪ್ಪತ್ತನಾಕು. ನಡುವೆ ತಪ್ಪಿ, ಎಲ್ಲ ಸುರಿದು, ಮತ್ತೆ ಮೊದಲಿನಿಂದ ಎಣಿಸಿದಳು. ಕಡೆಯ ಕಾಳು ಬಟ್ಟಲಿಗೆ ಬಿದ್ದಾಗ ತಲೆಯೆತ್ತಿದಳು.

"ಇನ್ನೂರು. ಇನ್ನೂರು ಸಲ ಜಗ್ಗೀ ಅಂದೆ ಅಯ್ನೋರ, ಅವತ್ತ. ಆ ಹೊತ್ನ್ಯಾಗ ಅಕಿ ಇನ್ನಾ ಜೀವಂತ ಇದ್ಲು."

ಕೆಳಗೆ ಸಂಜೆಯ ಮಂಗಳಾರತಿಯ ಹೊತ್ತಾಗಿತ್ತು. ಶೀತಲ್ ಎರಡು ಸಲ "ಅಪ್ಪಾ" ಎಂದು ಕೂಗಿದಳು. ಮರುಳಸಿದ್ದಯ್ಯನವರಿಗೆ ಕೇಳಿಸಿತು, ಆದರೆ ಓ ಎನ್ನಲು ಬಾಯಿ ಬರಲಿಲ್ಲ.